ಊರಿಗೆ ಮಾತ್ರ ಸಾರಿದ್ದು

ಸ್ನೇಹಳ ಬೆರಳು ಮುರಿದದ್ದು ಸೋಮವಾರ. ಬಲಗೈಯ ಎರಡು ಬೆರಳು. ಮುರಿದವರು ನಂಜಪ್ಪ ಮೇಷ್ಟ್ರು. ರೂಲುದೊಣ್ಣೆಯಲ್ಲಿ ಗೆಣ್ಣಿನ ಮೇಲೆ ಹೊಡೆದರು. ಇಸ್ಕೂಲಿನ ಕಕ್ಕಸು ತೊಳೆಯುವುದಿಲ್ಲ ಅಂದಳು, ಅದಕ್ಕೆ.

ಇದನ್ನು ಮೊದಲೇ ಹೇಳಿಬಿಡಬೇಕು. ಆಮೇಲೆ ಊರಿನವರು ಬೇರೆ ಹೇಳಿದರು. ಹುಡುಗಿ ಬಾಗಿಲ ಸಂದಿಗೆ ಕೈ ಸಿಕ್ಕಿಸಿಕೊಂಡಳು ಅಂದರು. ಠಾಣೆಯ ಕಾಗದದಲ್ಲೂ ಬಾಗಿಲೇ ಇದೆ. ಸಿಟ್ಟು ಬಂದು ಹತ್ತು ವರ್ಷದ ಹುಡುಗಿಯ ಬೆರಳು ಮುರಿಯುವ ಬಾಗಿಲನ್ನು ನಾನು ಎಲ್ಲೂ ಕಂಡಿಲ್ಲ.

ನಾನು ರಂಗಸ್ವಾಮಿ. ಸ್ನೇಹ ನನ್ನ ಅಣ್ಣ ಚೌಡಯ್ಯನ ಮಗಳು, ನಾಲ್ಕನೇ ಕ್ಲಾಸು. ಕೆ.ಆರ್.ಪೇಟೆ ಆಸ್ಪತ್ರೆಯಲ್ಲಿ ಹುಟ್ಟಿದಾಗ ಅಲ್ಲಿನ ನರ್ಸಮ್ಮ ಆ ಹೆಸರಿಟ್ಟಳು. ನಮ್ಮವ್ವನಿಗೆ ಆ ಹೆಸರು ಬಾಯಿಗೆ ಹತ್ತದೆ, ಸಾಯುವ ತನಕ ಸಣ್ಣಿ, ಸಣ್ಣಿ ಅಂತಲೇ ಕೂಗಿದಳು. ನಮ್ಮೂರು ಮಂಟಿಕೊಪ್ಪಲು. ಚಿನಕುರಳಿಯಲ್ಲಿ ಬಸ್ಸಿಳಿದು ಕೋರೆ ದಾರಿ ಹಿಡಿದರೆ ಎರಡು ಮೈಲಿ. ಊರಿನವರಿಗೆ ಕಬ್ಬು, ಹಸು, ಹಾಲಿನ ಡೈರಿ. ಕೇರಿಯವರಿಗೆ ಕಲ್ಲು. ಕಲ್ಲುಕೋರೆಯ ಗುತ್ತಿಗೆ ಕೆಂಪಣ್ಣನದು. ಗ್ರಾಮ ಶಿಕ್ಷಣ ಸಮಿತಿಯ ಅಧ್ಯಕ್ಷನೂ ಕೆಂಪಣ್ಣನೇ.

ತೊಂಬತ್ತಾರರ ಜುಲೈ ತಿಂಗಳು. ಏಟು ಬಿದ್ದ ಮೇಲೆ ಹುಡುಗಿ ಮನೆಗೆ ಹೋಗಲಿಲ್ಲ, ನೆಟ್ಟಗೆ ಕೋರೆಗೆ ಬಂದಳು. ನಾನು ಸನಿಕೆ ಹಿಡಿದು ಚಕ್ಕೆ ತುಂಬುತ್ತಿದ್ದೆ. ಅತ್ತಿಗೆ ಮಾರಮ್ಮ ಸುತ್ತಿಗೆ ಎತ್ತಿದ್ದವಳು ಹಾಗೇ ನಿಂತಳು. ಹುಡುಗಿ ಬಲಗೈಯನ್ನು ಲಂಗದೊಳಗೆ ಸುತ್ತಿಕೊಂಡಿದ್ದಳು.

"ಅವ್ವ, ಬೆಳ್ಳು ಬಗ್ತಾ ಇಲ್ಲ."

ಮಾರಮ್ಮ ಲಂಗ ಬಿಡಿಸಿದಳು. ನಡುಬೆರಳೂ ಉಂಗುರದ ಬೆರಳೂ ಬದನೆಕಾಯಿಯ ಹಾಗೆ ಊದಿ, ಗೆಣ್ಣಿನ ಮೇಲೆ ಆಚೆ ಕಡೆಗೆ ತಿರುಗಿದ್ದವು. ಕೋರೆಯ ಹಿರಿಯಳು ಚಲುವಮ್ಮ ಮುಟ್ಟಿ ನೋಡಿದಳು. ಕಲ್ಲಿನ ಕೆಲಸದವರಿಗೆ ಮುರಿದ ಮೂಳೆ ಗುರುತಿಸಲು ಡಾಕ್ಟರು ಬೇಕಿಲ್ಲ.

"ಮುರ್ದೋಗದೆ ಕಣೆ ಮಾರಿ. ಎರಡೂವೆ."

"ಏನ್ಮಾಡಿದ್ಯೆ?" ಅಂದಳು ಮಾರಮ್ಮ.

"ಕಕ್ಕಸು ತೊಳಿಯಕ್ಕಿಲ್ಲ ಅಂದೆ."

"ಅಷ್ಟಕ್ಕೇ ಇಂಗೆ ಹೊಡದ್ರಾ?"

ಹುಡುಗಿ ಎಡಗೈಯಲ್ಲಿ ಮೂಗು ಒರೆಸಿಕೊಂಡಳು. "ಓಗೋರು ನೀವೇ, ನೀವೇ ತೊಳ್ಕಳಿ ಸಾ ಅಂದೆ."

ಚಲುವಮ್ಮನಿಗೆ ನಗು ಬಂದುಬಿಟ್ಟಿತು. ಹಲ್ಲಿಲ್ಲದ ಬಾಯಿ ತೆರೆದು ನಕ್ಕಳು. ಮಾರಮ್ಮನೂ ನಕ್ಕಳು. ನಕ್ಕುಕೊಂಡೇ ಮಗಳ ಕೈಯನ್ನು ಮೊಣಕೈಯಿಂದ ಎತ್ತಿ ಹಿಡಿದು ಎದೆಗೆ ಒತ್ತಿಕೊಂಡಳು. ಆಮೇಲೆ ಅವಳ ಮುಖ ನೋಡಲು ನನಗೆ ಧೈರ್ಯ ಆಗಲಿಲ್ಲ.

ಆ ಕಕ್ಕಸಿನ ವಿಚಾರ ಹೇಳಬೇಕು. ಅದಕ್ಕೂ ಮುಂಚೆ ತಮಟೆಯ ವಿಚಾರ ಹೇಳಬೇಕು.

ನಮ್ಮ ಮನೆಯವರು ಊರಿಗೆ ಸಾರುವವರು. ಸರ್ಕಾರದ ಮಾತು ಯಾವುದೇ ಬರಲಿ, ತಮಟೆ ಬಡಿದು ತಿಳಿಸುವುದು ನಮ್ಮ ಕೆಲಸ. ನಾಲೆಗೆ ನೀರು ಬಿಡುತ್ತಾರೆ ಅನ್ನುವುದು, ಸಿಡುಬಿನ ಸೂಜಿಯವರು ಬರುತ್ತಾರೆ ಅನ್ನುವುದು. ಇಸ್ಕೂಲಿನ ಮಾತಂತೂ ಮೂರು ತಲೆಮಾರೂ ಸಾರಿದ್ದೇವೆ. ಈ ದೇಶದ ಮಕ್ಕಳಿಗೆ ಓದು ಕೊಡಬೇಕು ಅಂತ ಯಾವ ಯಾವ ಕಾಲದಲ್ಲಿ ಯಾವ ಯಾವ ದೊಡ್ಡವರಿಗೆ ಅನ್ನಿಸಿತೋ, ಅದೆಲ್ಲದರ ಪೆಟ್ಟು ನಮ್ಮ ಮನೆಯ ತಮಟೆಯ ಮೇಲೆ ಬಿದ್ದಿದೆ.

ನಮ್ಮ ತಾತ ದ್ಯಾವಯ್ಯ ಸಾರಿದ್ದು ಮಹಾರಾಜರ ಕಾಲದಲ್ಲಿ. ಗಂಡುಮಕ್ಕಳನ್ನು ಇಸ್ಕೂಲಿಗೆ ಕಳಿಸದ ತಂದೆಗೆ ದಂಡ ಅಂತ. ಆಗ ಇಸ್ಕೂಲು ಈಶ್ವರನ ಗುಡಿಯ ಜಗಲಿಯ ಮೇಲೆ ನಡೆಯುತ್ತಿತ್ತು. ಆ ಬೀದಿಗೆ ನಮ್ಮ ತಾತ ಕಾಲಿಡಬಹುದಾಗಿದ್ದು ಕೈಯಲ್ಲಿ ತಮಟೆ ಇದ್ದ ದಿನ ಮಾತ್ರ.

ನಮ್ಮಪ್ಪ ದಾಸಯ್ಯ ಸಾರಿದ್ದು ಸ್ವಾತಂತ್ರ್ಯ ಬಂದ ಮೇಲೆ. ಹದಿನಾಲ್ಕು ವರ್ಷದ ತನಕ ಎಲ್ಲ ಮಕ್ಕಳಿಗೂ ಓದು ಪುಕ್ಕಟೆ, ಕಡ್ಡಾಯ, ಹತ್ತೇ ವರ್ಷದಲ್ಲಿ ದೇಶವೆಲ್ಲ ಓದಿಬಿಡುತ್ತದೆ ಅಂತ. ಹತ್ತು ವರ್ಷ ಆಯಿತು, ಇಪ್ಪತ್ತಾಯಿತು. ಆಮೇಲೆ ಅಮೆರಿಕದ ಗೋಧಿ ರವೆ ಬಂತು, ಹಾಲಿನ ಪುಡಿ ಬಂತು. ಮಧ್ಯಾಹ್ನ ಉಪ್ಪಿಟ್ಟು ಕೊಡ್ತಾರೆ ಅಂತಲೂ ಅಪ್ಪನೇ ಸಾರಿದ.

ಅಣ್ಣನ ಕೈಗೆ ತಮಟೆ ಬರುವ ಹೊತ್ತಿಗೆ ಸರ್ಕಾರಕ್ಕೆ ಮಾತು ಜಾಸ್ತಿಯಾಗಿತ್ತು. ವಯಸ್ಕರ ಶಿಕ್ಷಣ ಅಂದರು, ಸಾರಿದ. ಎಂಬತ್ತಾರರಲ್ಲಿ ಹೊಸ ನೀತಿ ಬಂತು, ಇಸ್ಕೂಲಿಗೆ ಎರಡು ರೂಮು, ಇಬ್ಬರು ಮೇಷ್ಟ್ರು, ಒಂದು ಕರಿಹಲಗೆ ಅಂದರು, ಸಾರಿದ. ಹಲಗೆ ಬಂತು. ಎರಡನೇ ಮೇಷ್ಟ್ರು ಬರಲಿಲ್ಲ. ಸಾಕ್ಷರತಾ ಆಂದೋಲನ ಅಂದರು, ಸಾರಿದ. ಅದರಲ್ಲೇ ನಾನು ಇಪ್ಪತ್ತಮೂರನೇ ವಯಸ್ಸಿಗೆ ಅಕ್ಷರ ಕಲಿತದ್ದು, ಕೋರೆಯ ಚಪ್ಪಡಿಯ ಮೇಲೆ ಇದ್ದಲಲ್ಲಿ ಗೀಚಿ ಗೀಚಿ. ತೊಂಬತ್ತೈದರಲ್ಲಿ, ತಪ್ಪದೆ ಬರುವ ಮಕ್ಕಳಿಗೆ ತಿಂಗಳಿಗೆ ಮೂರು ಕೆಜಿ ಅಕ್ಕಿ ಅಂದರು, ಅದನ್ನೂ ಸಾರಿದ. ಮಾರನೇ ವರ್ಷ ಇನ್ನೊಂದು ಯೋಜನೆ ಬಂದಿತ್ತು. ಅದರ ಹೆಸರು ಬರೀ ಇಂಗ್ಲಿಷಿನ ಅಕ್ಷರಗಳು. ಅಣ್ಣ ಅದನ್ನು ದಾರಿಯುದ್ದಕ್ಕೂ ಉರು ಹೊಡೆದುಕೊಂಡು ಹೋಗಿ ಸಾರಿದ.

ಸಾರುವುದಕ್ಕೆ ಒಂದು ಪದ್ಧತಿ ಇದೆ. ಊರಲ್ಲಿ ಏಳು ಮೂಲೆ. ಒಂದೊಂದು ಮೂಲೆಯಲ್ಲೂ ನಿಂತು ಮೂರು ಬಡಿತ, ಆಮೇಲೆ ಮಾತು. ಏಳನೆಯದು ಮುಗಿಸಿ ಕೇರಿಯ ಕಡೆ ತಿರುಗುವಾಗ ತಮಟೆಯನ್ನು ಮೈಕಡೆಗೆ ಮಗುಚಿಕೊಳ್ಳಬೇಕು. ಚರ್ಮದ ಮುಖ ಹೊಟ್ಟೆಗೆ. ಕೇರಿಯಲ್ಲಿ ಸಾರುವಂತಿಲ್ಲ. ಕೇರಿಯಲ್ಲಿ ತಮಟೆಯ ಸದ್ದು ಆಗುವುದು ಸಾವಾದಾಗ ಮಾತ್ರ. ಸರ್ಕಾರದ ಮಾತು ಊರಿಗೆ. ಕೇರಿಯವರಿಗೆ ಏನು ಮಾಡಬೇಕು ಅನ್ನುವುದನ್ನು ಊರಿನವರು ಹೇಳುತ್ತಾರೆ.

ನಮ್ಮವರು ತಪ್ಪಿದ್ದು ಇಲ್ಲೇ. ಎಲ್ಲ ಮಕ್ಕಳೂ ಕಡ್ಡಾಯವಾಗಿ ಬರಬೇಕು ಅಂತ ಗಂಟಲು ಹರಿಯುವ ಹಾಗೆ ಕೂಗಿ ಬಂದ ನಮ್ಮಪ್ಪ, ಮಾರನೇ ಬೆಳಿಗ್ಗೆ ಅಣ್ಣನನ್ನು ಕೆಂಪಣ್ಣನ ಅಪ್ಪನ ಹಟ್ಟಿಗೆ ಸಗಣಿ ಬಾಚಲು ಕಳಿಸಿದ. ಏಳು ವರ್ಷದ ಹುಡುಗ. ಯಾರೂ ತಡೆಯಲಿಲ್ಲ, ಬಯ್ಯಲಿಲ್ಲ. ನಮ್ಮಪ್ಪ ದಡ್ಡನಲ್ಲ. ಸಾರಿದ್ದು ಊರಿಗೆ, ನಮಗಲ್ಲ ಅಂತ ಪ್ರಾಮಾಣಿಕವಾಗಿ ನಂಬಿದ್ದ. ತನ್ನ ಬಾಯಿಂದಲೇ ಬಂದ ಮಾತು ತನ್ನ ಮಗನಿಗೆ ಸೇರಿದ್ದು ಅಂತ ಅವನಿಗೆ ಹೊಳೆಯಲೇ ಇಲ್ಲ. ನನ್ನ ಸರದಿ ಬಂದಾಗಲೂ ಹೊಳೆಯಲಿಲ್ಲ.

ಸ್ನೇಹ ಇಸ್ಕೂಲಿಗೆ ಸೇರಿದ್ದು ಮಾರಮ್ಮನಿಂದ. ಅವಳು ಯಾರು ಸಾರುವುದಕ್ಕೂ ಕಾಯಲಿಲ್ಲ. ಹುಡುಗಿಯ ರಟ್ಟೆ ಹಿಡಿದು ಎಳಕೊಂಡು ಹೋಗಿ ನಿಲ್ಲಿಸಿ ಬಂದಳು.

ಹೊಸ ಯೋಜನೆಯಲ್ಲಿ ನೀಲಿ ಬಣ್ಣದ ಹೊಸ ರೂಮು ಬಂತು. ಹಿಂದುಗಡೆ ಕಕ್ಕಸು ಬಂತು. ರೂಮಿನೊಳಗೆ ಊರಿನ ಮಕ್ಕಳು. ಕೇರಿಯ ಹನ್ನೊಂದು ಮಕ್ಕಳು ಹೊರಗೆ ಜಗಲಿಯಲ್ಲಿ, ಕಿಟಕಿಯಲ್ಲಿ ಕೇಳಿಸಿದಷ್ಟು ಪಾಠ. ಹೆಣ್ಣುಮಕ್ಕಳಿಗೆ ಅಂತ ಕಟ್ಟಿಸಿದ ಕಕ್ಕಸಿಗೆ ಬೀಗ. ಬೀಗದ ಕೈ ಮೇಷ್ಟ್ರ ಜೇಬಿನಲ್ಲಿ. ಹೋಗುವವರು ಮೇಷ್ಟ್ರು, ಮೀಟಿಂಗಿಗೆ ಬಂದ ದಿನ ಕೆಂಪಣ್ಣ, ಅಪರೂಪಕ್ಕೆ ಬಂದ ಸಾಹೇಬರು. ತೊಳೆಯುವವರು ಕೇರಿಯ ಹೆಣ್ಣುಮಕ್ಕಳು, ಸೋಮವಾರ ಮತ್ತು ಗುರುವಾರ. ತೊಳೆದ ಮಕ್ಕಳು ತಮಗೆ ಬಂದಾಗ ಕಬ್ಬಿನ ಗದ್ದೆಗೆ ಓಡಬೇಕು.

ಸೋಮವಾರ ಸಂಜೆ ತಾಲ್ಲೂಕು ಆಸ್ಪತ್ರೆಯಲ್ಲಿ ಪಟ್ಟಿ ಕಟ್ಟಿಸಿಕೊಂಡು ಬಸ್ಸಿನಲ್ಲಿ ಬರುವಾಗ ಸ್ನೇಹ ಅಪ್ಪನನ್ನು ಕೇಳಿದಳು.

"ಅಪ್ಪ, ನೀನು ನಮ್ಮ ಬೀದೀಲಿ ಯಾಕೆ ಸಾರಕ್ಕಿಲ್ಲ?"

"ನಮ್ಮಪ್ಪ ಸಾರ್ತಿರ್ನಿಲ್ಲ ಕಣವ್ವ."

"ಅವ್ರಪ್ಪ?"

"ಅವ್ನೂ ಇಲ್ಲ."

"ಯಾರು ಬ್ಯಾಡ ಅಂದಿದ್ದು?"

ಅಣ್ಣ ಕಿಟಕಿಯಾಚೆ ನೋಡಿದ. ಚಿನಕುರಳಿ ಬರುವ ತನಕ ನೋಡಿದ. ಬಸ್ಸು ಇಳಿದ ಮೇಲೆ "ನಂಗೂ ಗೊತ್ತಿಲ್ಲ ಕಣವ್ವ" ಅಂದ.

ಮಂಗಳವಾರ ಅಣ್ಣನೂ ನಾನೂ ಇಸ್ಕೂಲಿಗೆ ಹೋದೆವು. ಕೆಂಪಣ್ಣ ಮೇಷ್ಟ್ರ ಕುರ್ಚಿಯಲ್ಲಿ ಕೂತಿದ್ದ. ಮೇಷ್ಟ್ರು ನಿಂತಿದ್ದರು. ಕೆ.ಆರ್.ಪೇಟೆಯಲ್ಲಿ ಬಿ.ಎ. ಓದುವ ಕೆಂಪಣ್ಣನ ಮಗ ಕಿಶನ್ ಬಾಗಿಲಿಗೆ ಒರಗಿಕೊಂಡು ಕ್ರಿಕೆಟ್ಟಿನ ವಿಕೆಟ್ ಕಡ್ಡಿ ತಿರುಗಿಸುತ್ತಿದ್ದ. ನಾವು ಧ್ವಜದ ಕಟ್ಟೆಯ ಹತ್ತಿರ ನಿಂತೆವು.

"ಏನ್ಲಾ ಚೌಡ, ಹೇಳಿ ಕಳ್ಸನ ಅಂತಿದ್ದೆ, ನೀನೇ ಬಂದ್ಬುಟ್ಟೆ" ಅಂದ ಕೆಂಪಣ್ಣ. ಅವನ ದನಿಯಲ್ಲಿ ಯಾವತ್ತೂ ಸಿಟ್ಟಿರುವುದಿಲ್ಲ.

"ಮಗೀನ ಬೆಳ್ಳು ಮುರ್ದೋಗದೆ ಬುದ್ದಿ."

"ಕೇಳ್ದೆ. ಬಾಗ್ಲು ಸಂದಿಗೆ ಮಡಗ್ಬುಟ್ಳಂತೆ. ಜ್ವಾಕೆ ಹೇಳ್ಕೊಡ್ಬೇಕು ಮಕ್ಳಿಗೆ."

"ಬಾಗ್ಲಲ್ಲ ಬುದ್ದಿ, ಮೇಷ್ಟ್ರು."

ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. "ಎದುರು ಮಾತಾಡ್ತಾಳೆ ಕಣಯ್ಯ ನಿನ್ನ ಮಗಳು. ಮೇಷ್ಟ್ರು ಅಂದ್ಮೇಲೆ ಒಂದು ಏಟು ಹಾಕ್ತಾರೆ. ಅದನ್ನ ದೊಡ್ಡದು ಮಾಡ್ಬೇಡ."

"ಒಂದಲ್ಲ ಸಾ, ಮೂರು. ಮೊದಲ್ನೇದಕ್ಕೇ ಮುರ್ದಿತ್ತಂತೆ. ಮಿಕ್ಕ ಎರಡು ಯಾಕೆ ಸಾ?" ಅಂದ ಅಣ್ಣ.

ಮೇಷ್ಟ್ರು ಕನ್ನಡಕ ಮತ್ತೆ ಹಾಕಿಕೊಂಡರು. ಕಿಶನ್ ನಕ್ಕ. ಕೆಂಪಣ್ಣ ಕೈಯೆತ್ತಿ ಮಗನನ್ನು ಸುಮ್ಮನಾಗಿಸಿದ.

"ಕೇಳ್ಲಾ ಇಲ್ಲಿ. ನಾಳೆ ದಿಲ್ಲಿಯಿಂದ, ಬೆಂಗಳೂರಿಂದ ಸಾಹೇಬ್ರು ಬತ್ತಾವ್ರೆ. ನಮ್ಮೂರೇ ತಾಲ್ಲೂಕಿಗೆ ಮಾದರಿ. ಬೆಳಿಗ್ಗೇನೇ ಸಾರ್ಬೇಕು. ಇಸ್ಕೂಲು ಬುಟ್ಟಿರೋ ಮಗ ನಮ್ಮೂರಲ್ಲಿ ಒಂದೂ ಇಲ್ಲ ಅಂತ. ಆಮೇಲೆ ಮಕ್ಕಳ ಮೆರವಣಿಗೆ ಮುಂದ್ಗಡೆ ನೀನು ಬಡೀಬೇಕು. ನಿನ್ನ ಮಗಳ್ನ ನಾಳೆ ಒಂದಿನ ಕೋರೇಲಿ ಕೂರುಸ್ಕೊ. ಕೈಗೆ ಬಟ್ಟೆ ಸುತ್ಕಂಡು ಪಟದಲ್ಲಿ ಬಂದ್ರೆ ಚೆಂದಾಗಿರಾಕಿಲ್ಲ."

"ನಾಡಿದ್ದು ಬುದ್ದಿ?"

"ನಾಡಿದ್ದು ಬರ್ಲಿ. ಗುರುವಾರ ಅಲ್ವಾ. ಎಡಗೈ ಸರ್ಯಾಗೇ ಅದಲ್ಲ ತೊಳಿಯಕ್ಕೆ."

ಅಣ್ಣ ಅವನ ಮುಖವನ್ನೇ ನೋಡಿದ. "ಆಯ್ತು ಬುದ್ದಿ" ಅಂದ.

ದಾರಿಯಲ್ಲಿ ನನಗೆ ತಡೆಯಲಾಗಲಿಲ್ಲ. "ಆಯ್ತು ಅಂದ್ಬುಟ್ಯಲ್ಲೋ. ನಾಚ್ಕೆ ಆಗಕ್ಕಿಲ್ವ?"

"ಸಾರ್ತೀನಿ ಅಂದೆ. ಏನ್ ಸಾರ್ತೀನಿ ಅಂತ ಅಂದ್ನಾ?" ಅಂದ ಅಣ್ಣ.

ಬುಧವಾರ ಬೆಳಿಗ್ಗೆ ಅಣ್ಣ ಕಬ್ಬಿನ ಒಣ ಸೋಗೆಗೆ ಬೆಂಕಿ ಹಾಕಿ ತಮಟೆ ಕಾಯಿಸಿದ. ಬೆರಳಲ್ಲಿ ಮೀಟಿ ಮೀಟಿ ನೋಡಿದ. ಹೆಗಲಿಗೆ ಹಾಕಿಕೊಂಡು ಕೇರಿಯ ನಡುಬೀದಿಗೆ ಬಂದ. ಚರ್ಮದ ಮುಖ ಹೊರಗಿತ್ತು. ಮೂರು ಬಡಿದ.

ಬಾಗಿಲುಗಳು ಒಂದೊಂದಾಗಿ ತೆರೆದವು. ಚಲುವಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಬಂದಳು.

"ಯಾರು ಹೋದ್ರೋ ಚೌಡ?"

"ಯಾರೂ ಹೋಗಿಲ್ಲ ಕಣವ್ವ. ಸರ್ಕಾರದ ಮಾತು."

"ನಮ್ಗಾ?"

"ನಮ್ಗೇಯ."

ಮತ್ತೆ ಮೂರು ಬಡಿದ. ಅವನ ಗಂಟಲು ಊರಿನಲ್ಲಿ ಸಾರುವಾಗ ಒಂದು ರಾಗಕ್ಕೆ ಹೋಗುತ್ತದೆ. ಅವತ್ತು ರಾಗ ಇರಲಿಲ್ಲ.

"ಕೇಳ್ರಪ್ಪೋ. ನಮ್ಮ ತಾತ ಸಾರಿದ್ದ, ಮಕ್ಕಳನ್ನ ಇಸ್ಕೂಲಿಗೆ ಕಳಿಸ್ಬೇಕು ಅಂತ. ಅದು ನಿಮಗೂ ಸೇರಿದ್ದು. ನಮ್ಮಪ್ಪ ಸಾರಿದ್ದ, ಎಲ್ಲಾ ಮಕ್ಕಳಿಗೂ ಪುಕ್ಕಟೆ ಅಂತ. ಅದೂ ನಿಮಗೆ ಸೇರಿದ್ದು. ನಾನು ಸಾರಿದ್ದೀನಿ, ರೂಮು, ಹಲಗೆ, ಅಕ್ಕಿ, ಎಲ್ಲಾವ. ಒಂದನ್ನೂ ನಿಮಗೆ ಹೇಳ್ನಿಲ್ಲ. ತಪ್ಪಾಯ್ತು. ಇವತ್ತು ಹೇಳ್ತಾ ಇದೀನಿ. ನೀಲಿ ರೂಮು ನಮ್ಮ ಮಕ್ಕಳದೂವೆ. ಜಗಲಿ ಮೇಲೆ ಕೂರಬ್ಯಾಡಿ. ಕಕ್ಕಸು ತೊಳೀಬ್ಯಾಡಿ. ಬನ್ನಿ."

ಒಬ್ಬ ಮುದುಕ "ಊರೋರು ಸುಮ್ಕೆ ಬುಡ್ತಾರಾ?" ಅಂದ. ಅಣ್ಣ ಬಡಿದುಕೊಂಡು ಹೊರಟ. ಹಿಂದೆ ಸ್ನೇಹ, ಪಟ್ಟಿಯ ಕೈಯನ್ನು ಮೇಲೆತ್ತಿಕೊಂಡು. ಆಮೇಲೆ ಮಿಕ್ಕ ಹತ್ತು ಮಕ್ಕಳು. ನಾನೂ ಹೊರಟೆ. ಹೆಂಗಸರು ಕೋರೆಗೆ ಹೋಗಲೇಬೇಕಿತ್ತು. ಮಾರಮ್ಮ ದಾರಿ ಕವಲೊಡೆಯುವ ತನಕ ಬಂದು ನಿಂತು ನೋಡಿದಳು.

ಇಸ್ಕೂಲಿನ ಮುಂದೆ ಆಗಲೇ ಜೀಪು ನಿಂತಿತ್ತು. ಊರಿನ ಮಕ್ಕಳ ಕೈಯಲ್ಲಿ ಬಾವುಟ. ಅಣ್ಣ ನೇರವಾಗಿ ಸಾಹೇಬರ ಮುಂದೆ ನಿಂತು ಮೂರು ಬಡಿದು ಅದೇ ಮಾತು ಸಾರಿದ. ಕೊನೆಯಲ್ಲಿ ಬೆರಳು ಮುರಿದವರ ಹೆಸರನ್ನೂ ಸೇರಿಸಿದ.

"ಬೆಳಗಾಗ್ತಿದ್ದಂಗೇ ಕುಡ್ದವ್ನೆ ಮೇಡಂ" ಅಂದ ಕೆಂಪಣ್ಣ, ನಗುತ್ತಾ.

ಬೆಂಗಳೂರಿನ ಮೇಡಮ್ಮು ಸ್ನೇಹಳ ಕೈ ಹಿಡಿದು ನೋಡಿದರು. ಮುಖ ಸಣ್ಣಗಾಯಿತು. ಪುಸ್ತಕದಲ್ಲಿ ಏನೋ ಬರೆದುಕೊಂಡರು. ದಿಲ್ಲಿಯವರು ಇಂಗ್ಲಿಷಿನಲ್ಲಿ ಏನೋ ಕೇಳಿದರು. ಮೇಷ್ಟ್ರು ಇಂಗ್ಲಿಷಿನಲ್ಲಿ ಏನೋ ಹೇಳಿದರು. ಬೆರಳು ನಮ್ಮದು, ಮಾತು ಅವರದು. ಆಮೇಲೆ ದಿಲ್ಲಿಯವರು ಬೀಗ ತೆಗೆಸಿ ಕಕ್ಕಸಿನೊಳಗೆ ಇಣುಕಿ ನೋಡಿ, ವೆರಿ ಕ್ಲೀನ್ ಅಂದರು. ಪಟ ತೆಗೆದರು. ಊಟ ಕೆಂಪಣ್ಣನ ಮನೆಯಲ್ಲಿ ಆಯಿತು. ನಾವು ಮಕ್ಕಳನ್ನು ಕಟ್ಟಿಕೊಂಡು ಧ್ವಜದ ಕಟ್ಟೆಯ ಹತ್ತಿರವೇ ಕಾದೆವು. ಎರಡು ಗಂಟೆಗೆ ಜೀಪು ಹತ್ತುವಾಗ ಮೇಡಮ್ಮು ಅಣ್ಣನನ್ನು ಕರೆದು, "ನಾನು ನೋಟ್ ಮಾಡ್ಕೊಂಡಿದೀನಿ" ಅಂದರು. ಅಣ್ಣ ಕೈ ಮುಗಿದ. ಜೀಪು ಚಿನಕುರಳಿ ದಾರಿಯಲ್ಲಿ ಧೂಳೆಬ್ಬಿಸಿಕೊಂಡು ಹೋಯಿತು. ಆ ಧೂಳು ಇನ್ನೂ ಇಳಿದಿರಲಿಲ್ಲ, ಕಿಶನ್ ಮೊದಲ ಏಟು ಹೊಡೆದ.

ವಿಕೆಟ್ ಕಡ್ಡಿ ಅಣ್ಣನ ಕಿವಿಯ ಮೇಲೆ ಬಿತ್ತು. ಅಣ್ಣ ಕೂತ. ಇನ್ನೂ ನಾಲ್ವರು ಬಂದರು. ಡೈರಿಯಲ್ಲಿ ದಿನಾ ಮುಖ ನೋಡುವ ಜನ. ಒಬ್ಬ ಹೊಟ್ಟೆಗೆ ಒದ್ದ. ಒಬ್ಬ ಬೆನ್ನಿನ ಮೇಲೆ ಕಾಲಿಟ್ಟ. ಮಕ್ಕಳು ಚೀರಿಕೊಂಡು ಚದುರಿದವು.

ನಾನು ಓಡಿದೆ. ಬರೆದುಬಿಡುತ್ತೇನೆ. ನಾನು ಅಣ್ಣನ ಕಡೆಗೆ ಓಡಲಿಲ್ಲ. ಕಬ್ಬಿನ ಗದ್ದೆಗೆ ಓಡಿದೆ. ಗರಿ ಮುಖ ಕೊಯ್ಯುತ್ತಿತ್ತು. ನಾಲ್ಕು ಸಾಲು ಒಳಗೆ ಹೋಗಿ ಕುಕ್ಕರಗಾಲಲ್ಲಿ ಕೂತು, ಸಂದಿಯಿಂದ ಎಲ್ಲವನ್ನೂ ನೋಡಿದೆ.

ಅಣ್ಣನನ್ನು ಧ್ವಜದ ಕಟ್ಟೆಗೆ ಎಳೆದರು. ಎರಡು ಕೈಯನ್ನೂ ಕಟ್ಟೆಯ ಸಿಮೆಂಟಿನ ಮೇಲೆ ಚಾಚಿಸಿದರು. ಇಬ್ಬರು ರಟ್ಟೆಯ ಮೇಲೆ ಕೂತರು.

"ಬಡಿಯೋ ಕೈ ಯಾವ್ದ್ಲಾ?" ಅಂದ ಕಿಶನ್.

ಅಣ್ಣ ಎರಡೂ ಮುಷ್ಟಿ ಬಿಗಿದ.

"ಹೇಳಕ್ಕಿಲ್ವಾ? ಹಂಗಾರೆ ಎರಡೂ."

ಕಡ್ಡಿ ಎತ್ತಿದ. ಬಿತ್ತು. ಎತ್ತಿದ. ಬಿತ್ತು. ಕೋರೆಯಲ್ಲಿ ಕಲ್ಲು ಸೀಳುವ ಸದ್ದು ನಾನು ಹುಟ್ಟಿದಾಗಿನಿಂದ ಕೇಳಿದ್ದೇನೆ. ಇದು ಆ ಸದ್ದಲ್ಲ. ಇದು ಹಸಿಯಾಗಿತ್ತು. ಅಣ್ಣ ಮೊದಲನೆಯದಕ್ಕೆ ಕೂಗಿದ, ಎರಡನೆಯದಕ್ಕೆ ಕೂಗಿದ, ಆಮೇಲೆ ಕೂಗಲಿಲ್ಲ. ಒಬ್ಬ ಕುಡುಗೋಲು ತಂದು ತಮಟೆಯ ಚರ್ಮ ಹರಿದು, ಉಳಿದ ಸುತ್ತುಬಳೆಯನ್ನು ಅಣ್ಣನ ಕುತ್ತಿಗೆಗೆ ಹಾಕಿದ. ಕೆಂಪಣ್ಣ ಜಗಲಿಯ ಮೇಲೆ ನಿಂತಿದ್ದ. "ತಲೆಗೆ ಹಾಕ್ಬ್ಯಾಡ್ರೋ" ಅಂದ. ಅಷ್ಟೇ ಅವನು ಆಡಿದ ಮಾತು. ಮೇಷ್ಟ್ರು ಬೀಗ ತೆಗೆದುಕೊಟ್ಟರು. ಅಣ್ಣನನ್ನು ಕಾಲು ಹಿಡಿದು ಎಳಕೊಂಡು ಹೋಗಿ ಕಕ್ಕಸಿನೊಳಗೆ ಹಾಕಿ ಹೊರಗಿನಿಂದ ಬೀಗ ಜಡಿದರು.

"ಒಳಗಿಂದ ಸಾರು ಈಗ" ಅಂದ ಕಿಶನ್.

ಆಗ ಗದ್ದೆಯ ಆಚೆ ತುದಿಯಿಂದ ಹೊರಬಿದ್ದು ಕೋರೆಗೆ ಓಡಿದೆ. ಅಣ್ಣನನ್ನು ಕಕ್ಕಸಿನಲ್ಲಿ ಕೂಡಿಹಾಕಿದ್ದಾರೆ ಅಂದೆ, ಮಿಕ್ಕದ್ದನ್ನು ಹೇಳಲು ಮಾರಮ್ಮ ಬಿಡಲಿಲ್ಲ. "ಬದುಕವ್ನಾ?" ಅಂದಳು. ಊಂ ಅಂದೆ. ಸುತ್ತಿಗೆ ಹೆಗಲಿಗೆ ಹಾಕಿಕೊಂಡಳು. ಹಿಂದೆಯೇ ಚಲುವಮ್ಮ ಎದ್ದಳು, ಅವಳ ಹಿಂದೆ ಮಿಕ್ಕವರು. ಒಂಬತ್ತು ಹೆಂಗಸರು. ಯಾರೂ ಬೊಬ್ಬೆ ಹಾಕಲಿಲ್ಲ. ಕೆಲಸಕ್ಕೆ ಹೋಗುವ ಹಾಗೆ ನಡೆದರು.

"ಬೀಗದ ಕೈ ಕೊಡಿ" ಅಂದಳು ಮಾರಮ್ಮ, ಇಸ್ಕೂಲಿನ ಜಗಲಿ ಮುಂದೆ ನಿಂತು.

"ಎಲ್ಲೋ ಬಿದ್ದೋಗದೆ ಕಣಮ್ಮ" ಅಂದ ಕೆಂಪಣ್ಣ. "ಹುಡುಕ್ತಾವ್ರೆ. ಕೋರೆಗೆ ಓಗು, ಸಂಜೆ ಕಳಿಸ್ತೀವಿ."

ಮಾರಮ್ಮ ಕಕ್ಕಸಿನ ಹತ್ತಿರ ಹೋದಳು. ಬಾಗಿಲು ಕಬ್ಬಿಣದ್ದು. ಗೋಡೆ ಗುತ್ತಿಗೆದಾರನದ್ದು. ಅಂಗೈಯಲ್ಲಿ ಗೋಡೆ ಸವರಿ ನೋಡಿದಳು. ಕೋರೆಯಲ್ಲಿ ಬಂಡೆಯ ಎಳೆ ಹುಡುಕುವುದು ಹೀಗೇ, ಎಲ್ಲಿ ಹೊಡೆದರೆ ಬಿಡುತ್ತದೆ ಅಂತ ಕೈಗೆ ಗೊತ್ತಾಗುತ್ತದೆ. "ಏ, ಬಾಗ್ಲು ಕಡೀಕೆ ಸರ್ಕೊ" ಅಂತ ಕೂಗಿದಳು. ಹೊಡೆದಳು. ಒಂಬತ್ತು ಸುತ್ತಿಗೆಗಳು ಒಂದಾದ ಮೇಲೊಂದು ಎದ್ದವು. ಸಿಮೆಂಟಿಗಿಂತ ಮರಳೇ ಜಾಸ್ತಿ ಇದ್ದ ಗೋಡೆ ಉದುರಿತು. ಧೂಳಿನೊಳಗೆ ಅಣ್ಣ ಎರಡೂ ಕೈಯನ್ನು ಮುಂದಕ್ಕೆ ಚಾಚಿಕೊಂಡು ಕೂತಿದ್ದ, ಯಾರದೋ ಕೈ ಎತ್ತಿಕೊಂಡವನ ಹಾಗೆ.

ಕಿಶನ್ ಹಿಂದಿನಿಂದ ಬಂದು ಮಾರಮ್ಮನ ತುರುಬು ಹಿಡಿದು ಎಳೆದ. ಅವಳು ನೆಲಕ್ಕೆ ಬಿದ್ದಳು. ಬಿದ್ದಲ್ಲಿಂದಲೇ ಸುತ್ತಿಗೆ ಬೀಸಿದಳು. ಅದು ಅವನ ಮೊಣಕಾಲ ಕೆಳಗೆ ತಗುಲಿತು. ಕಾಲು ಮಡಿಚಬಾರದ ಕಡೆ ಮಡಿಚಿತು. ಅವನು ನಾಯಿಯ ಹಾಗೆ ಊಳಿಟ್ಟ.

"ದಿನಾ ಕಲ್ಲು ಒಡೀತೀನಿ ಕಣ್ಲಾ" ಅಂದಳು ಮಾರಮ್ಮ, ಏಳುತ್ತಾ. "ನಿಂದೇನು."

ಪೊಲೀಸರು ಬೇಗ ಬಂದರು. ಬೆರಳು ಮುರಿದ ದಿನ ಕೂಗಿದ್ದರೆ ಬರುತ್ತಿದ್ದರೋ ಇಲ್ಲವೋ ತಿಳಿಯದು. ಮಾರಮ್ಮನನ್ನೂ ಚಲುವಮ್ಮನನ್ನೂ ಇನ್ನಿಬ್ಬರನ್ನೂ ವ್ಯಾನಿಗೆ ಹತ್ತಿಸಿದರು. ಸರ್ಕಾರಿ ಆಸ್ತಿ ನಾಶ, ಕೊಲೆಗೆ ಯತ್ನ. ಅಣ್ಣನನ್ನು ಆಸ್ಪತ್ರೆಗೆ ಸೇರಿಸಿದೆವು. ಕೈ ಮತ್ತೆ ಕೂಡುತ್ತದೆ, ಆದರೆ ಬೆರಳು ಮಡಿಚುವುದಿಲ್ಲ ಅಂದರು ಡಾಕ್ಟರು.

ಗುರುವಾರ ಬೆಳಿಗ್ಗೆ ಸ್ನೇಹ ಎಡಗೈಯಲ್ಲೇ ತಲೆ ಬಾಚಿಕೊಂಡು ಚೀಲ ಹಾಕಿಕೊಂಡು ನನ್ನ ಮುಂದೆ ನಿಂತಳು.

"ನಡಿ ಚಿಕ್ಕಪ್ಪ."

"ಇವತ್ತು ಬ್ಯಾಡ ಕಣವ್ವ. ಊರೋರು ಕುದೀತಾವ್ರೆ. ನಾಕು ದಿನ ಕಳೀಲಿ."

"ನಾನು ಓಗ್ದಿದ್ರೆ ಅವ್ವ ಠಾಣೇಲಿ ಯಾಕೆ ಕೂತವ್ಳೆ?"

ನಾನು ತಲೆ ತಗ್ಗಿಸಿದೆ. ಅವಳು ಹತ್ತಿರ ಬಂದು ಸಣ್ಣ ದನಿಯಲ್ಲಿ ಹೇಳಿದಳು. "ಕಬ್ಬಲ್ಲಿ ಕೂತಿದ್ದನ್ನ ನೋಡ್ದೆ ಚಿಕ್ಕಪ್ಪ. ಯಾರಿಗೂ ಹೇಳಿಲ್ಲ."

ಎದ್ದು ಅವಳ ಹಿಂದೆ ನಡೆದೆ. ಕೇರಿಯ ಬೇರೆ ಮಕ್ಕಳು ಅವತ್ತು ಬರಲಿಲ್ಲ. ಅವಳೊಬ್ಬಳೇ.

ನೀಲಿ ರೂಮಿನಲ್ಲಿ ಪಾಠ ಶುರುವಾಗಿತ್ತು. ಸ್ನೇಹ ಜಗಲಿ ಹತ್ತಿದಳು, ಹೊಸ್ತಿಲು ದಾಟಿದಳು, ಮುಂದಿನ ಸಾಲಿಗೆ ಹೋದಳು. ಅಲ್ಲಿ ಸುನಿತಾ ಅಂತ ಡೈರಿ ಸೆಕ್ರೆಟರಿಯ ಮಗಳು ಕೂತಿತ್ತು. ಅದು ಅರ್ಧ ಗೇಣು ಸರಿಯಿತು. ಹೇಸಿಕೊಂಡು ಸರಿಯಿತೋ ಜಾಗ ಬಿಡಲು ಸರಿಯಿತೋ ಹೇಳಲಾರೆ. ಜಾಗ ಆಯಿತು. ಸ್ನೇಹ ಕೂತಳು.

ಮೇಷ್ಟ್ರ ಕೈಯಲ್ಲಿ ಸೀಮೆಸುಣ್ಣ ಇತ್ತು. "ಹೊರಗೆ ಕೂತ್ಕೊ" ಅಂದರು.

ಅವಳು ಸ್ಲೇಟು ತೆಗೆದು ಮಡಿಲಲ್ಲಿಟ್ಟುಕೊಂಡಳು. ಬಳಪವನ್ನು ಎಡಗೈಯಲ್ಲಿ ಹಿಡಿದಳು.

"ನಿನಗೇ ಹೇಳ್ತಿರೋದು."

"ನೀವು ಪಾಠ ಮಾಡಿ ಸಾ" ಅಂದೆ ನಾನು ಬಾಗಿಲಲ್ಲಿ ನಿಂತು. ನನ್ನ ದನಿ ನನಗೇ ಹೊಸದಾಗಿತ್ತು. "ಹುಡುಗಿ ಏಳಕ್ಕಿಲ್ಲ."

ಮೇಷ್ಟ್ರು ನನ್ನ ಹೆಗಲ ಮೇಲಿಂದ ಹೊರಗೆ ನೋಡಿದರು. ಅವರ ಮುಖ ಸಡಿಲವಾದದ್ದು ಕಂಡು ನಾನೂ ತಿರುಗಿದೆ. ಡೈರಿಯ ಕಡೆಯಿಂದ ಆರು ಜನ ಬರುತ್ತಿದ್ದರು. ಕೈಯಲ್ಲಿ ಕಬ್ಬಿನ ಗದ್ದೆಯ ಮಚ್ಚಿರಲಿಲ್ಲ, ದೊಣ್ಣೆ ಇತ್ತು. ಅಷ್ಟರಮಟ್ಟಿಗೆ ಸಮಾಧಾನ. ನನ್ನ ಹತ್ತಿರ ಏನೂ ಇರಲಿಲ್ಲ. ಕಬ್ಬಿನ ಗದ್ದೆ ಅಲ್ಲೇ ಇತ್ತು, ಇಪ್ಪತ್ತು ಹೆಜ್ಜೆ.

ನಾನು ಬಾಗಿಲನ್ನು ಹೊರಗಿನಿಂದ ಎಳೆದುಕೊಂಡೆ. ಬೆನ್ನು ಕೊಟ್ಟು ನಿಂತು, ಎರಡೂ ಕೈಯನ್ನು ಹಿಂದೆ ಚಾಚಿ ಚೌಕಟ್ಟನ್ನು ಹಿಡಿದೆ.

"ಸರ್ಕೊಳ್ಲಾ ರಂಗ" ಅಂದ ಮುಂದಿದ್ದವನು. "ನಿನ್ ಮೇಲೆ ನಮ್ಗೇನೂ ಇಲ್ಲ. ನೀನು ಒಳ್ಳೇನು."

"ಪಾಠ ನಡೀತಾ ಅದೆ" ಅಂದೆ.

ಮೊದಲ ದೊಣ್ಣೆ ಹೆಗಲಿಗೆ ಬಿತ್ತು. ಎರಡನೆಯದು ಪಕ್ಕೆಗೆ. ಬಾಯಲ್ಲಿ ಉಪ್ಪುಪ್ಪಾಯಿತು. ಒಳಗೆ ಮೇಷ್ಟ್ರ ಸದ್ದು ನಿಂತುಹೋಯಿತು. ಒಂದು ಮಗು ಅಳತೊಡಗಿತು.

ನಾನು ಹಿಮ್ಮಡಿಯಲ್ಲಿ ಬಾಗಿಲಿಗೆ ಒದ್ದೆ.

"ನಿಲ್ಲಿಸ್ಬ್ಯಾಡಿ ಸಾ."

ಇನ್ನೊಂದು ದೊಣ್ಣೆ ಬಿತ್ತು. ಆಮೇಲೆ ಹಲಗೆಯ ಮೇಲೆ ಸೀಮೆಸುಣ್ಣ ಗೀಚುವ ಸದ್ದು ಬಂತು.